ಆರು ತಾಸು

ನಮ್ಮ ಅತ್ತೆ ತೀರಿಕೊಂಡು ಮೂರು ತಿಂಗಳಾದ ಮೇಲೆ ಅವರ ಹೆಸರಿಗೆ ಒಂದು ರಿಜಿಸ್ಟರ್ ಪತ್ರ ಬಂತು. ಸತ್ತವರ ಹೆಸರಿನ ಪತ್ರವನ್ನು ಪೋಸ್ಟ್‌ಮ್ಯಾನ್ ಹಿಂದಕ್ಕೆ ಕಳಿಸಬೇಕು. ರವೀಂದ್ರ ಹಾಗೇ ಮಾಡುವವನಿದ್ದ. ಆದರೆ ಜಗುಲಿಯ ಮೇಲೆ ಕೂತಿದ್ದ ನಮ್ಮ ಮಾವ ಮಾಬ್ಲ ನಾಯ್ಕರು ಕೈ ಚಾಚಿದರಂತೆ. "ಕೊಡೋ ಇಲ್ಲಿ. ಅವ್ಳು ಹಿತ್ಲಲ್ಲಿ ಇದ್ದಾಳೆ, ನಾ ಕೊಡ್ತೆ" ಅಂದರಂತೆ. ಹಿತ್ತಲಿನಿಂದ ಆಗ ಪಾತ್ರೆಯ ಸದ್ದು ಕೇಳುತ್ತಿತ್ತಂತೆ. ರವೀಂದ್ರ ಪತ್ರ ಕೊಟ್ಟು ಸೈಕಲ್ ಹತ್ತಿದ್ದಾನೆ.

"ಅಕ್ಕ, ನಿನ್ನೆ ಮಧ್ಯಾಹ್ನ ನಿಮ್ಮನೇಲಿ ಬೇರೆ ಯಾರಾದ್ರೂ ಇದ್ದಿದ್ರಾ?" ಎಂದು ಮರುದಿನ ಕುಮಟೆಯ ನನ್ನ ಅಂಗಡಿಗೇ ಬಂದು ಕೇಳಿದ.

ಯಾರೂ ಇರಲಿಲ್ಲ. ನಾನು ಅಂಗಡಿಯಲ್ಲಿ, ಮಗಳು ದೀಕ್ಷಾ ಕಾಲೇಜಿನಲ್ಲಿ, ನನ್ನ ಗಂಡ ಮೋಹನ ಕುಮಟಾ–ಹೊನ್ನಾವರ ಟೆಂಪೋದಲ್ಲಿ.

"ಬೆಕ್ಕು ಇರ್ಬೇಕು ಮಾರಾಯ" ಅಂದೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ.

ನನ್ನ ಅಂಗಡಿ ಎಂದರೆ ತಹಸೀಲ್ದಾರ ಕಚೇರಿಯ ಹತ್ತಿರದ ಓಣಿಯಲ್ಲಿ ಒಂದು ಕಂಪ್ಯೂಟರು, ಒಂದು ಝೆರಾಕ್ಸ್ ಮಷಿನ್ನು, ಎರಡು ಪ್ಲಾಸ್ಟಿಕ್ ಕುರ್ಚಿ. ಹೆಸರಿಗೆ ಅರ್ಜಿ ಟೈಪ್ ಮಾಡುವ ಕೆಲಸ. ಆದರೆ ನಾಲ್ಕು ವರ್ಷದಿಂದ ಜನ ನನ್ನನ್ನು ಹುಡುಕಿಕೊಂಡು ಬರುವುದು ಬೇರೆಯದಕ್ಕೆ. ಸಾಲ ಕೊಟ್ಟವರಿಗೆ, ವಸೂಲಿಯವರಿಗೆ ಉತ್ತರ ಬರೆಸಿಕೊಳ್ಳಲಿಕ್ಕೆ. ಹೊನ್ನಾವರದಿಂದ ಬರುತ್ತಾರೆ, ಭಟ್ಕಳದಿಂದಲೂ ಬರುತ್ತಾರೆ. ಹೊಗಳಿಕೊಳ್ಳುವುದಲ್ಲ, ನನ್ನ ಪತ್ರ ಹೋದ ಮೇಲೆ ಎಷ್ಟೋ ಅಂಗಳಕ್ಕೆ ವಸೂಲಿಯವರ ಬೈಕು ಬರುವುದು ನಿಂತಿದೆ.

ನನ್ನದು ಕೆಲವು ಕಟ್ಟುಪಾಡು. ಸಾಲ ನಿಮ್ಮದಲ್ಲವೆಂದರೆ ಮೊದಲು ಕಾಗದ ತೋರಿಸಿ ಎನ್ನಬೇಕು, 'ಕೊಡುತ್ತೇನೆ' ಎನ್ನುವ ಶಬ್ದ ಅಪ್ಪಿತಪ್ಪಿಯೂ ಬರಬಾರದು. ಸಾಲ ನಿಮ್ಮದೇ, ಕಷ್ಟ ಬಂದಿದೆ ಎಂದರೆ ಅಳು ಎರಡು ಸಾಲು, ಲೆಕ್ಕ ಹತ್ತು ಸಾಲು. ಅಳು ಓದುವುದಕ್ಕೆ ಕಂಪನಿಯಲ್ಲಿ ಯಾರಿಗೂ ಸಂಬಳ ಕೊಡುವುದಿಲ್ಲ. ಮತ್ತೆ, ಯಾರ ಸಹಿ ಹಾಕಿಸುವ ಮೊದಲೂ ಪತ್ರವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ನಮ್ಮತ್ತೆಯಂಥವರು ಓದಲು ಬಾರದೆ ಕಂಡಕಂಡಲ್ಲಿ ಹೆಬ್ಬೆಟ್ಟು ಒತ್ತಿ ಸಿಕ್ಕಿಬಿದ್ದಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಆ ದಿನ ರಾತ್ರಿ ಊಟಕ್ಕೆ ಕೂತಾಗ ಮಾವನ ಹತ್ತಿರವಿದ್ದ ಪತ್ರ ತೆಗೆದು ಓದಿದೆ. ಹುಬ್ಬಳ್ಳಿಯ ಒಂದು ಸಾಲದ ಕಂಪನಿ. ಊರಿನ ಹೆಂಗಸರೆಲ್ಲ ಅದನ್ನು 'ಸಂಘ' ಎನ್ನುತ್ತಾರೆ. ಶ್ರೀಮತಿ ಮಾದೇವಿ ಮಾಬ್ಲ ನಾಯ್ಕರು ನವೆಂಬರ್ ಹದಿನಾರಕ್ಕೆ ಅರವತ್ತು ಸಾವಿರ ಸಾಲ ಪಡೆದಿದ್ದು, ಒಂದು ಕಂತು ಮಾತ್ರ ಕಟ್ಟಿ ಉಳಿದದ್ದನ್ನು ಬಾಕಿ ಇಟ್ಟಿದ್ದರಿಂದ ಏಳು ದಿನದೊಳಗೆ ಖುದ್ದಾಗಿ ಹಾಜರಾಗಬೇಕಂತೆ.

"ಖುದ್ದಾಗಿ! ಅತ್ತೆ ಹೋಗಿದ್ದು ಹದಿನಾಲ್ಕಕ್ಕೆ. ಹದಿನಾರಕ್ಕೆ ಸಾಲ ತಗೊಂಡ್ರಂತೆ. ಸುಡುಗಾಡಿಂದ ಎದ್ದು ಹೋಗಿ ತಗೊಂಡ್ರಾ?" ಅಂದೆ.

ದೀಕ್ಷಾ ನಕ್ಕಳು. ಮೋಹನ ಬಂಗಡೆಯ ಮುಳ್ಳು ಬಿಡಿಸುತ್ತಲೇ ಇದ್ದರು.

"ಎಂತಕ್ಕೆ ಅದೆಲ್ಲ ಈಗ? ಹರ್ದು ಒಲೆಗೆ ಹಾಕು."

"ಹರಿಯೂದಾ? ಕಂಪನಿಯವ್ರೇ ಅತ್ತೆ ಹೆಸರಲ್ಲಿ ಹಣ ನುಂಗಿದ್ದಾರೆ. ನಾಳೆ ಮನೆ ಮೇಲೆ ಬರ್ತಾರೆ. ನಾನೇ ಉತ್ತರ ಬರೀತೆ."

"ಬೇಡ ಅಂದ್ನಲ್ಲ."

"ಊರವರಿಗೆಲ್ಲ ಬರೀತೆ, ನಮ್ಮನೆಗೆ ಬರೀಬಾರ್ದಾ?"

ಅವರು ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಅರ್ಧ ಮೀನು ಹಾಗೇ ಇತ್ತು. ಮೀನು ಬಿಟ್ಟು ಏಳುವ ಗಂಡಸಲ್ಲ ಅವರು. ನಾನು ಅಷ್ಟು ಹೊತ್ತಿಗೇ ಎಚ್ಚರಾಗಬೇಕಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುವುದನ್ನು ನಾನು ಗಿರಾಕಿಗಳಿಗೆ ದಿನಾ ಹೇಳುವವಳು.

ಮಾವ ಮಾತ್ರ ನಿಧಾನಕ್ಕೆ ಊಟ ಮಾಡುತ್ತ, "ಏಳು ದಿನ ಅಂದ್ರೆ ಅವ್ಳಿಗೆ ಕಷ್ಟ. ಕಾಲು ನೋವು ಅಲ್ದಾ" ಅಂದರು.

ಮಾವನ ತಲೆ ಕೆಟ್ಟಿದೆ ಎಂದು ತಿಳಿಯಬೇಡಿ. ಹರಿವೆ, ಬಸಳೆ ಕಟ್ಟು ಕಟ್ಟಿ ಬೆಳಗಿನ ಬಸ್ಸಿಗೆ ಕುಮಟೆಗೆ ಒಯ್ದು ಮಾರಿ, ಚಿಲ್ಲರೆ ಎಣಿಸಿಕೊಂಡು ಬರುತ್ತಾರೆ. ಒಂದು ರೂಪಾಯಿ ತಪ್ಪುವುದಿಲ್ಲ. ಆದರೆ ಅತ್ತೆ ಸತ್ತರು ಎನ್ನುವ ಮಾತು ಅವರ ಬಾಯಲ್ಲಿ ಬಂದಿಲ್ಲ. ಅತ್ತೆಯ ಗುಂಡಿ ಮೊಬೈಲನ್ನು ದಿನಾ ಚಾರ್ಜ್ ಮಾಡಿ, ಅತ್ತೆಯ ಮಂಚದ ಹತ್ತಿರದ ಕಿಟಕಿಯಲ್ಲಿಡುತ್ತಾರೆ. ಅದಕ್ಕೆ ಫೋನ್ ಬಂದರೆ ಅವರೇ ಎತ್ತುತ್ತಾರೆ.

"ಅಮ್ಮ, ಅಜ್ಜ ಫೋನಲ್ಲಿ ಎಂತ ಹೇಳ್ತ್ರು ಗೊತ್ತಿದಾ? 'ಅವ್ಳು ಮೀಯ್ತಾ ಇದ್ದಾಳೆ, ಆಮೇಲೆ ಮಾಡಿ' ಅಂತ್ರು" ಎಂದು ದೀಕ್ಷಾ ಒಂದು ದಿನ ಪಾತ್ರೆ ಒರೆಸುತ್ತ ಹೇಳಿದಳು.

"ಮುದುಕರು. ಹೇಳ್ಕಳ್ಳಿ ಬಿಡು."

"ಅದಲ್ಲ. ಹೇಳಿದ ಮೇಲೆ ಬಚ್ಚಲ ಬಾಗಿಲು ನೋಡ್ತಾ ಕೂತ್ಕಂತ್ರು. ಅವ್ರು ನೋಡೂದ್ ನೋಡಿ ನಾನೂ ನೋಡ್ತೆ."

"ನೀ ಓದ್ಕ ಹೋಗು" ಎಂದು ಬೈದು ಕಳಿಸಿದೆ. ಆಮೇಲೆ ಬಚ್ಚಲಿಗೆ ಹೋಗುವಾಗ ನಾನೂ ಒಂದು ಸಲ ಕೆಮ್ಮಿಯೇ ಬಾಗಿಲು ತಳ್ಳಿದ್ದು.

ಪತ್ರವನ್ನು ಬರೆದೇ ಬರೆದೆ. ಮೋಹನರಿಗೆ ಹೇಳಲಿಲ್ಲ. 'ಮೃತಪಟ್ಟ ವ್ಯಕ್ತಿಗೆ ಸಾಲ ನೀಡಿರುವುದಾಗಿ ತಾವು ಹೇಳುತ್ತಿದ್ದೀರಿ. ಸಾಲಪತ್ರದ ಪ್ರತಿ, ಹೆಬ್ಬೆಟ್ಟಿನ ಗುರುತು, ಫೋನ್ ಕರೆಗಳ ದಾಖಲೆ ಹದಿನೈದು ದಿನದೊಳಗೆ ಕಳಿಸಿರಿ. ನಮ್ಮ ಅತ್ತೆಯವರ ಹೆಬ್ಬೆಟ್ಟನ್ನು ಸುಳ್ಳಾಗಿ ಒತ್ತಿದವರು ಯಾರೇ ಆಗಿರಲಿ, ಅವರ ಮೇಲೆ ಪೊಲೀಸ್ ದೂರು ದಾಖಲಿಸದೆ ಬಿಡುವುದಿಲ್ಲ.' ಮರಣ ಪ್ರಮಾಣಪತ್ರದ ಝೆರಾಕ್ಸ್ ಲಗತ್ತಿಸಿ, ರಿಜಿಸ್ಟರ್ ಮಾಡಿ, ಚೀಟಿಯನ್ನು ಅಂಗಡಿಯ ಗಣಪತಿ ಪಟದ ಹಿಂದೆ ಸಿಕ್ಕಿಸಿದೆ. ಇಷ್ಟು ಚೆಂದದ ಪತ್ರ ನಾನು ದುಡ್ಡು ಕೊಟ್ಟವರಿಗೂ ಬರೆದುಕೊಟ್ಟಿಲ್ಲ. ಸಂಜೆ ಖುಷಿಗೆ ಅರ್ಧ ಕಿಲೋ ಶೆಟ್ಲಿ, ಅಂದರೆ ಸಿಗಡಿ, ತಂದು ಸುಕ್ಕಾ ಮಾಡಿದೆ.

ಆ ವಾರದಿಂದ ಒಂದು ಕಾಗೆ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಹಿತ್ತಲ ಕಲ್ಲಿನ ಮೇಲೆ ಬೋರಲು ಹಾಕಿದ ಪಾತ್ರೆಗಳನ್ನು ಕುಕ್ಕುವುದು. ದೂರದಿಂದ ಕೇಳಿದರೆ ಯಾರೋ ಪಾತ್ರೆ ತಿಕ್ಕಿದ ಹಾಗೇ. "ಬೆಕ್ಕಲ್ಲ, ಕಾಗೆ" ಎಂದು ರವೀಂದ್ರನಿಗೆ ಹೇಳಿ ಕಳಿಸಿದೆ. ಅನ್ನ ಹಾಕಿದರೆ ಮಾತ್ರ ಮುಟ್ಟುವುದಿಲ್ಲ. ಸುಮ್ಮನೆ ಅನ್ನವನ್ನು ನೋಡುತ್ತದೆ, ಅಡುಗೆಮನೆಯ ಕಿಟಕಿಯನ್ನು ನೋಡುತ್ತದೆ.

ಕಾಗೆಯ ಸುದ್ದಿ ಬಂದಿದ್ದಕ್ಕೆ ಹೇಳುತ್ತೇನೆ. ಅತ್ತೆಯ ಹನ್ನೊಂದರ ದಿನ ಎಡೆ ಇಟ್ಟು ಎಷ್ಟು ಹೊತ್ತು ಕಾದರೂ ಕಾಗೆ ಬರಲಿಲ್ಲ. ಸತ್ತವರಿಗೆ ಏನೋ ಆಸೆ ಉಳಿದಿದೆ, ಮನಸ್ಸಿನಲ್ಲಿದ್ದದ್ದನ್ನು ನಡೆಸಿಕೊಡುತ್ತೇವೆ ಎಂದು ಮಾತು ಕೊಡಿ ಎಂದರು ಹಿರಿಯರು. ಮಾವ ಏನೋ ಹೇಳಿದರು, ಬರಲಿಲ್ಲ. ನಾನು ದೀಕ್ಷಾಳ ಮದುವೆ ಚೆಂದ ಮಾಡುತ್ತೇನೆ ಅಂದೆ, ಬರಲಿಲ್ಲ. ಕಡೆಗೆ ಮೋಹನ "ನೀವೆಲ್ಲ ಆಚೆ ಹೋಗಿ" ಎಂದು ಒಬ್ಬರೇ ಎಡೆಯ ಹತ್ತಿರ ಬಗ್ಗಿ ಪಿಸುಗುಟ್ಟಿದರು. ಬಂತು ನೋಡಿ ಕಾಗೆ! ಎಲೆಯನ್ನೇ ಎಳೆದುಕೊಂಡು ತಿಂದಿತು. ಎಂತ ಹೇಳಿದ್ರಿ ಎಂದು ಎಷ್ಟು ಕೇಳಿದರೂ ಮೋಹನ ಬಾಯಿಬಿಡಲಿಲ್ಲ. ಆ ದಿನ ನಾನು ಹಸಿರು ಸೀರೆ ಉಟ್ಟು, ತವರಿನ ಚಿನ್ನದ ಅವಲಕ್ಕಿ ಸರ ಹಾಕಿಕೊಂಡಿದ್ದೆ. ಅತ್ತೆಯ ಆಸ್ಪತ್ರೆ ಖರ್ಚಿಗೆಂದು ಅಡ ಇಟ್ಟಿದ್ದ ಸರ. ಆ ಸರಕ್ಕಾಗಿ ಎರಡು ತಿಂಗಳು ನಾನು ಊಟದ ಹೊತ್ತಿಗೆಲ್ಲ ಜಗಳ ತೆಗೆದಿದ್ದೆ. ಅತ್ತೆ ಹೋದ ನಾಲ್ಕನೇ ದಿನ ಮೋಹನ ಅದನ್ನು ಬಿಡಿಸಿ ತಂದು ನನ್ನ ಕೈಗಿಟ್ಟಿದ್ದರು.

ಮಾರ್ಚ್ ಮೂರನೇ ವಾರ ಕಂಪನಿಯ ಉತ್ತರ ಬಂತು, ನನ್ನ ಹೆಸರಿಗೆ, ಅಂಗಡಿಗೆ. ದಪ್ಪ ಲಕೋಟೆ. ಗಿರಾಕಿಗಳು ಇಬ್ಬರು ಕೂತಿದ್ದರು. ಅವರ ಎದುರಿಗೇ ಜಂಬದಿಂದ ಒಡೆದೆ.

ಮೊದಲ ಹಾಳೆ ಸಾಲಪತ್ರ. ಹಣ ಬಂದದ್ದು ಹದಿನಾರಕ್ಕೆ, ಕಾಗದಕ್ಕೆ ಹೆಬ್ಬೆಟ್ಟು ಬಿದ್ದದ್ದು ಹದಿನಾಲ್ಕಕ್ಕೆ. ಬಣ್ಣದ ಪ್ರತಿಯನ್ನೇ ಕಳಿಸಿದ್ದರು. ನೀಲಿ ಹೆಬ್ಬೆಟ್ಟು, ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ. ಆ ಗೆರೆ ನನಗೆ ಗೊತ್ತು. ಮೆಟ್ಟುಗತ್ತಿಯಲ್ಲಿ ಹಲಸಿನಕಾಯಿ ಹೆಚ್ಚುವಾಗ ಅತ್ತೆಯ ಹೆಬ್ಬೆರಳು ಸೀಳಿದ್ದು ನನ್ನ ಎದುರಿಗೇ.

ಹದಿನಾಲ್ಕರ ಬೆಳಿಗ್ಗೆ ಅತ್ತೆಯ ಹೆಣವನ್ನು ಮೀಯಿಸಿದವಳು ನಾನು. ಹೆಬ್ಬೆರಳಿಗೆ ನೀಲಿ ಹತ್ತಿತ್ತು. ಅರಿಸಿನ ಹಾಕಿ ತಿಕ್ಕಿದೆ, ಸೋಪು ಹಾಕಿ ತಿಕ್ಕಿದೆ, ಗೆರೆಯ ಒಳಗೆ ನೀಲಿ ಉಳಿದೇ ಉಳಿಯಿತು. ನಾಲ್ಕು ತಿಂಗಳಿಂದ ಹಾಸಿಗೆ ಬಿಟ್ಟೇಳದವರ ಬೆರಳಿಗೆ ಶಾಯಿ ಎಲ್ಲಿಂದ ಬಂತು ಎಂದು ಒಂದು ಸಲ ಅನ್ನಿಸಿತ್ತು. ಅಂಗಳ ತುಂಬ ಜನ, ಅಳು, ಗದ್ದಲ. ಅಂಥ ದಿನ ಯಾರಿಗೆ ಎಂತ ನೆನಪಿರ್ತದೆ? ಮರೆತೇಬಿಟ್ಟಿದ್ದೆ.

ಎರಡನೇ ಹಾಳೆ ಫೋನ್ ಕರೆಗಳ ಪಟ್ಟಿ. 'ಫೆಬ್ರವರಿ 6: ಗ್ರಾಹಕರು ಸ್ನಾನ ಮಾಡುತ್ತಿದ್ದಾರೆ. ಫೆಬ್ರವರಿ 13: ಗ್ರಾಹಕರು ಹುಲ್ಲಿಗೆ ಹೋಗಿದ್ದಾರೆ. ಫೆಬ್ರವರಿ 20: ಗ್ರಾಹಕರು ಮಲಗಿದ್ದಾರೆ. ಫೆಬ್ರವರಿ 27: ಗ್ರಾಹಕರೊಂದಿಗೆ ಮಾತನಾಡಲಾಯಿತು. ಮಗ ಕೊಡುತ್ತಾನೆ ಎಂದರು.'

ಗಿರಾಕಿಗಳನ್ನು ನಾಳೆ ಬನ್ನಿ ಎಂದು ಎಬ್ಬಿಸಿ ಶಟರ್ ಎಳೆದೆ.

ಮೋಹನ ಮನೆಯಲ್ಲೇ ಇದ್ದರು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ಟೆಂಪೋಕ್ಕೆ ಜನ ಕಡಿಮೆ. ಮಧ್ಯಾಹ್ನ ಬಂದು ಮಲಗುತ್ತಿದ್ದರು. ನಾನು ಹೆಬ್ಬೆಟ್ಟಿನ ಹಾಳೆ ತೋರಿಸಲಿಲ್ಲ. ಫೋನಿನ ಪಟ್ಟಿಯನ್ನು ಮುಂದೆ ಹಿಡಿದೆ. ಓದಿದರು. ಕಡೆಯ ಸಾಲಿನ ಮೇಲೆ ಬೆರಳಿಟ್ಟರು.

"ಇದು... ಇದನ್ನ ಯಾರು ಹೇಳ್ದ್ರು?"

"ನಿಮ್ಮಮ್ಮ ಹೇಳಿದ್ದಂತೆ. ಓದಿ ಸರಿಯಾಗಿ."

"ಮಗ ಕೊಡ್ತಾನೆ ಅಂತ... ಕಾಗೆಗೆ ನಾ ಹೇಳಿದ್ದು ಅದೇ. 'ಅಮ್ಮ, ನಾನೇ ಕೊಡ್ತೆ, ನಿನ್ನ ಮೈಮೇಲೆ ಇಟ್ಕಂಬೇಡ, ಹೋಗು' ಅಂದಿದ್ದೆ." ಅಷ್ಟು ಹೇಳಿ ಅವರು ಗೋಡೆಗೆ ಒರಗಿ ಕೂತುಬಿಟ್ಟರು. ಐವತ್ತರ ಹತ್ತಿರದ ಗಂಡಸು ಹಾಗೆ ಹೆದರಿದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಎಲ್ಲ ಹೊರಗೆ ಬಂತು. ಅತ್ತೆ ಹಾಸಿಗೆ ಹಿಡಿಯುವ ಮೊದಲೇ ಸಂಘಕ್ಕೆ ಅರ್ಜಿ ಕೊಟ್ಟಿದ್ದರು. ಆಧಾರ್ ಕಾರ್ಡಿನಲ್ಲಿ ಅವರಿಗೆ ಐವತ್ತೇಳು, ಸಾಲ ಸಿಗುವ ವಯಸ್ಸು; ನಿಜ ವಯಸ್ಸು ದೇವರಿಗೇ ಗೊತ್ತು. ಸಾಲ ಮಂಜೂರಾಗಿ ಬಂದಿತ್ತು, ಹೆಬ್ಬೆಟ್ಟು ಒಂದು ಬಾಕಿ.

"ಅವತ್ತು ಆರೂಮುಕ್ಕಾಲಿಗೆ ಅಮ್ಮಂಗೆ ಚಾ ಕೊಡೂಕೆ ಹೋದೆ. ಕೈ ಮುಟ್ಟಿದ್ರೆ ತಣ್ಣಗೆ. ನಿನ್ನ ಕೂಗ್ಬೇಕು ಅಂತ ಬಾಯಿ ತೆಗ್ದೆ. ಅಷ್ಟೊತ್ತಿಗೆ ಅಂಗಳದಲ್ಲಿ ಸಂಘದ ದಿನೇಶನ ಬೈಕು ಬಂದು ನಿಂತ್ತು. ಇವತ್ತೇ ಕಡೇ ದಿನ ಮೋಹನಣ್ಣ, ಇವತ್ತು ಹೆಬ್ಬೆಟ್ಟು ಇಲ್ಲಂದ್ರೆ ಸಾಲ ರದ್ದು ಅಂದ. ಅಮ್ಮ ಮಲಗಿದ್ದಾಳೆ, ನಾ ಒತ್ತಿಸ್ಕಂಡು ಬರ್ತೆ ಅಂದೆ."

"ಅವ ಒಳಗೆ ಬರ್ಲಿಲ್ವಾ?"

"ಬರ್ಬೇಕಿತ್ತು. ಮಳೆ ಮೋಡ, ಬೇಗ ಹೋಗ್ಬೇಕು ಅಂದ. ಶಾಯಿ ಡಬ್ಬಿ ನನ್ನ ಕೈಗೇ ಕೊಟ್ಟ."

"ನಾ ಎಲ್ಲಿದ್ದೆ?"

"ದೋಸೆ ಹೊಯ್ತಾ ಇದ್ದೆ."

ಹೌದು, ದೋಸೆ ಹೊಯ್ಯುತ್ತಿದ್ದೆ. ಅತ್ತೆಗೆಂದು ಒಂದನ್ನು ಮೆತ್ತಗೆ ಹೊಯ್ದು ಬೇರೆ ಇಟ್ಟಿದ್ದೆ. ಮೋಹನ ಬಂದು ಕೂತು ಮೂರು ದೋಸೆ ತಿಂದರು, ಚಟ್ನಿ ಇನ್ನೊಂಚೂರು ಹಾಕು ಅಂದರು. ನಾನು ಆಗಲೂ ಸರದ ಮಾತು ತೆಗೆದು, ನಿಮ್ಮನ್ನು ನಂಬಿದರೆ ಹರಿದ ಚಾಪೆಯೂ ಉಳಿಯುವುದಿಲ್ಲ ಎಂದು ಹಂಗಿಸಿದೆ. ಎಂಟು ಗಂಟೆಗೆ ಅವರು ಎದ್ದು ಹೋಗಿ, ಒಳಗಿನಿಂದ "ಅಮ್ಮಾ" ಎಂದು ಕೂಗಿದರು. ಅಂದರೆ ಆ ಒಂದೂಕಾಲು ತಾಸು ನಮ್ಮ ಮನೆಯಲ್ಲಿ ಹೆಣ ಇತ್ತು, ಅದರ ಬೆರಳಿಗೆ ಹಸಿ ಶಾಯಿ ಇತ್ತು. ನಾವು ತಿಂಡಿ ತಿನ್ನುತ್ತ ಜಗಳಾಡುತ್ತಿದ್ದೆವು.

"ಆ ದುಡ್ಡಲ್ಲೇ ನನ್ನ ಸರ ಬಿಡಿಸಿದ್ದಾ?"

ಅವರು ಹೌದೆಂಬಂತೆ ತಲೆಯಾಡಿಸಿದರು. ಸರ ನನ್ನ ಕೊರಳಲ್ಲೇ ಇತ್ತು. ಅಂಗಡಿಗೆ ಹಾಕಿಕೊಂಡು ಹೋಗಿದ್ದೆ. ಕೈ ಅದರ ಹತ್ತಿರ ಹೋಯಿತು, ಮುಟ್ಟಲು ಆಗಲಿಲ್ಲ.

"ಹಾಳಾದವನೇ!" ಎಂದು ಬೈದೆ. ಗಂಡನಿಗೆ ಏಕವಚನ ಬಳಸಿದ್ದು ಮದುವೆಯಾದ ಮೇಲೆ ಅದೇ ಮೊದಲು. ಅಷ್ಟರಲ್ಲಿ ದೀಕ್ಷಾ ಕಾಲೇಜಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

ಫೋನಿನ ಪಟ್ಟಿಯ ಕಡೆಯ ಸಾಲಿನ ಬಗ್ಗೆ ನಾನು ಮಾವನನ್ನು ಕೇಳಿದೆ. ಜಗುಲಿಯಲ್ಲಿ ಬಸಳೆಗೆ ಬಾಳೆನಾರು ಸುತ್ತುತ್ತಿದ್ದರು.

"ಮಾವ, ಮಗ ಕೊಡ್ತಾನೆ ಅಂತ ಫೋನಲ್ಲಿ ನೀವಾ ಹೇಳಿದ್ದು?"

"ನಾ ಎಂತ ಹೇಳೂದು? ಆ ಹುಡುಗಿ ಅವ್ರ ಹತ್ರಾನೇ ಮಾತಾಡ್ಬೇಕು ಅಂತ್ಲು. ಮಂಚದ ಮೇಲೆ ಇಟ್ಟೆ ಫೋನು. ಅವ್ಳ ತಲೆ ಹತ್ರ."

"ಆಮೇಲೆ?"

"ಆಮೇಲೆ ಹುಡುಗಿ ಆತು ಅಜ್ಜಿ ಅಂತ ಹೇಳಿ ಇಟ್ಲು."

ವಸೂಲಿಯವರು ಲೆಕ್ಕ ತೋರಿಸಲು ಏನು ಬೇಕಾದರೂ ಬರೆದುಕೊಳ್ಳುತ್ತಾರೆ. ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಹಾಗೆಂದು ನನಗೆ ನಾನೇ ನಾಲ್ಕು ಸಲ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ದಿನೇಶ ಬಂದ. ಮುಖ ಬಾಡಿಹೋಗಿತ್ತು. ಕೊಟ್ಟ ಚಾ ಕುಡಿಯಲಿಲ್ಲ.

"ಅಕ್ಕ, ನೀವು ಬರೆದ ಪತ್ರ ಹುಬ್ಬಳ್ಳೀಲಿ ಎಲ್ಲರ ಟೇಬಲ್ ಮೇಲೆ ಇದೆ. ಇಪ್ಪತ್ತೆಂಟಕ್ಕೆ ತಪಾಸಣೆ ಆಫೀಸರು ಬರ್ತ್ರು. ಹೆಬ್ಬೆಟ್ಟು ಸುಳ್ಳು ಅಂತಾದ್ರೆ ಅವ್ರೇ ಪೊಲೀಸಿಗೆ ಕೊಡೂದು. ಮೋಹನಣ್ಣ ಒಳಗೆ ಹೋಗ್ತ, ನಾ ಮನೆಗೆ ಹೋಗ್ತೆ."

"ಹೆಣದ ಹೆಬ್ಬೆಟ್ಟು ಒಯ್ಯುವಾಗ ಗೊತ್ತಾಗ್ಲಿಲ್ವಾ ನಿಂಗೆ?"

"ದೇವರಾಣೆ ಗೊತ್ತಿರ್ಲಿಲ್ಲ ಅಕ್ಕ. ಸಂಜೆ ಗೊತ್ತಾಯ್ತು. ಆವಾಗ ಹೇಳಿದ್ರೆ ನನ್ನ ಕೆಲಸ ಹೋಗ್ತಿತ್ತು, ಸುಮ್ನಾದೆ. ಈಗ ಒಂದು ದಾರಿ ಉಂಟು." ಅವನು ದನಿ ತಗ್ಗಿಸಿದ. "ಈ ಸಾಲಕ್ಕೆ ವಿಮೆ ಇದೆ. ಸಾಲಗಾರ ಸತ್ರೆ ಪೂರ್ತಿ ಮನ್ನಾ. ಮರಣ ಪ್ರಮಾಣಪತ್ರದಲ್ಲಿ ತಾರೀಕು ಮಾತ್ರ ಇರ್ತದೆ, ಹೊತ್ತು ಇರೂದಿಲ್ಲ. ಬೆಳಿಗ್ಗೆ ಅವ್ರೇ ಎದ್ದು ಕೂತು ಹೆಬ್ಬೆಟ್ಟು ಒತ್ತಿದ್ರು, ಮಧ್ಯಾಹ್ನ ಒಂದು ಗಂಟೆಗೆ ತೀರ್ಕಂಡ್ರು ಅಂತ ಒಂದು ಪತ್ರ ಆದ್ರೆ ಆತು. ಸಾಲವೂ ಇಲ್ಲ, ಕೇಸೂ ಇಲ್ಲ. ಹಕ್ಕುದಾರರು ನಿಮ್ಮ ಮಾವ. ಅವ್ರ ಸಹಿ ಬೇಕು. ಪತ್ರ ಬರೆಯೂಕೆ ನಿಮ್ಗೆ ನಾ ಹೇಳ್ಕೊಡ್ಬೇಕಾ ಅಕ್ಕ?"

ಹೇಳಿಕೊಡಬೇಕಾಗಿರಲಿಲ್ಲ. ಆರೂಮುಕ್ಕಾಲು, ಏಳು ಗಂಟೆ ಅನ್ನಿ. ಏಳರಿಂದ ಒಂದಕ್ಕೆ ಆರು ತಾಸು. ಸತ್ತವರಿಗೆ ಆರು ತಾಸು ಸಾಲ ಕೊಟ್ಟರೆ ಬದುಕಿದ್ದವರ ಸಾಲ ತೀರುತ್ತದೆ.

"ಬರಿ ರೇಖಾ" ಅಂದರು ಮೋಹನ.

"ಬರಿ ಅಮ್ಮ" ಅಂದಳು ದೀಕ್ಷಾ. "ಅಪ್ಪ ಜೈಲಿಗೆ ಹೋಗೂದು ಬೇಡ."

ಭಾನುವಾರ ಮನೆಯಲ್ಲೇ ಕೂತು ಬರೆದೆ. ಇನ್ನೂ ಹನ್ನೆರಡು ಗಂಟೆ, ಬಿಸಿಲು ಸುಡುತ್ತಿತ್ತು. ಇಂಥ ಪತ್ರಕ್ಕೆ ವಿವರ ಬೇಕು. ವಿವರ ಇದ್ದರೇ ನಂಬುತ್ತಾರೆ. 'ಅಂದು ಬೆಳಿಗ್ಗೆ ಅವರು ಎಂದಿಗಿಂತ ಗೆಲುವಾಗಿದ್ದರು. ದಿಂಬಿಗೆ ಒರಗಿ ಎದ್ದು ಕೂತರು. ಒಂದು ಲೋಟ ಗಂಜಿ ಕುಡಿದರು. ತಾವಾಗಿಯೇ ಕೈ ಮುಂದೆ ಚಾಚಿ ಹೆಬ್ಬೆಟ್ಟು ಒತ್ತಿದರು.' ಬರೆಯುತ್ತ ಹೋದ ಹಾಗೆ ಅತ್ತೆ ಒಂದೊಂದೇ ಮಾಡುತ್ತ ಹೋದರು. ದಿಂಬಿಗೆ ಒರಗಿದರು, ಲೋಟ ಹಿಡಿದರು. ಹಿತ್ತಲಲ್ಲಿ ಪಾತ್ರೆಯ ಸದ್ದು. ಕಾಗೆ ಎಂದುಕೊಂಡೆ. ಕಿಟಕಿಯಿಂದ ನೋಡಿದರೆ ಕಾಗೆ ಆಚೆ ತೆಂಗಿನ ಮಡಲಿನ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಪಾತ್ರೆಯ ಕಲ್ಲಿನ ಹತ್ತಿರ ಯಾರೂ ಇರಲಿಲ್ಲ. ಒಂದು ಚಂಬು ಮಾತ್ರ ಇನ್ನೂ ಅಲುಗುತ್ತಿತ್ತು. ಗಾಳಿ ಇರಬೇಕು. ಉಳಿದದ್ದನ್ನು ಬೇಗ ಬೇಗ ಬರೆದು 'ಮಧ್ಯಾಹ್ನ ಒಂದು ಗಂಟೆಗೆ ಕೊನೆಯುಸಿರೆಳೆದರು' ಎಂದು ಮುಗಿಸಿದೆ.

ಊಟವಾದ ಮೇಲೆ ಮಾವನನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿದೆ. ಬೇರೆಯವರಾದರೆ ಸುಮ್ಮನೆ ಸಹಿ ಹಾಕಿಸುತ್ತಿದ್ದರು. ನಾನು ಆ ಕಟ್ಟುಪಾಡು ಮುರಿದವಳಲ್ಲ. ಮೋಹನ, ದೀಕ್ಷಾ ಕೂಡ ಅಲ್ಲೇ ಇದ್ದರು. ಮಾವ ಕಣ್ಣು ಮುಚ್ಚಿ ಕೇಳಿದರು. ಅವರ ಮುಖದಲ್ಲಿ ನಿಧಾನಕ್ಕೆ ಒಂದು ನಗೆ ಬಂತು. ಮೂರು ನಾಲ್ಕು ತಿಂಗಳಲ್ಲಿ ನಾನು ನೋಡದ ನಗೆ.

"ಒಂದು ಗಂಟೆಗಾ?" ಎಂದು ಕೇಳಿದರು.

"ಹೌದು ಮಾವ."

"ನಾ ಅವತ್ತು ಸೊಪ್ಪು ಮಾರಿ ಬಂದಿದ್ದು ಹನ್ನೊಂದಕ್ಕೆ. ಅಂಗಳದಲ್ಲಿ ಜನ ಕಂಡ್ರು. ತಡ ಆತು ಅಂದ್ಕಂಡಿದ್ದೆ." ಅವರು ಕಣ್ಣು ತೆರೆದು ನನ್ನ ಕೈಯಲ್ಲಿದ್ದ ಹಾಳೆಯನ್ನು ನೋಡಿದರು. "ಹಾಗಾರೆ ನಾ ಬಂದಾಗ ಅವ್ಳು ಇದ್ದಿದ್ಲು, ಅಲ್ದಾ ರೇಖಾ? ಇನ್ನೂ ಎರಡು ತಾಸು ಇದ್ದಿದ್ಲು. ನನ್ನ ಹತ್ರ ಎಂತ ಹೇಳ್ದ್ಲು? ಅದನ್ನೂ ಓದು."

ನಾನು ಹಾಳೆಯನ್ನು ಮಗುಚಿ ನೋಡಿದೆ, ಹಿಂದೆ ಖಾಲಿ.

"ಓದು ಮಗಾ. ಅದು ಎಲ್ಲಿ ಬರ್ದಿದ್ದೆ?"

ಎಷ್ಟು ಜನರಿಗೆ ಎಷ್ಟು ಪತ್ರ ಬರೆದಿದ್ದೇನೆ! ಆ ಒಂದು ಸಾಲನ್ನು ಬರೆಯಲು ನನ್ನಿಂದಾಗಲಿಲ್ಲ. ಬರೆದರೆ ಈ ಮುದುಕ ಅದನ್ನು ಹಿಡಿದುಕೊಂಡು ಸಾಯುವವರೆಗೆ ಕೂರುತ್ತಾರೆ. ಬಚ್ಚಲ ಬಾಗಿಲು ನೋಡುವುದು ಮುಗಿಯುವುದೇ ಇಲ್ಲ. ಹಾಳೆಯನ್ನು ನಾಲ್ಕು ತುಂಡು ಮಾಡಿ ಹರಿದೆ.

"ಏ, ಎಂತ ಮಾಡ್ದೆ!" ಎಂದು ಮೋಹನ ಎದ್ದರು.

"ಸುಮ್ನಿರಿ. ಮಾವ, ಇದು ಸುಳ್ಳು. ಅತ್ತೆ ಹೋಗಿದ್ದು ಬೆಳಿಗ್ಗೆ ಆರೂಮುಕ್ಕಾಲಿಗೆ. ನೀವು ಬಸ್ಸಲ್ಲಿ ಇದ್ದಿದ್ರಿ. ನೀವು ಬಂದಾಗ ಅವ್ರು ಇರ್ಲಿಲ್ಲ. ನಿಮ್ಮ ಹತ್ರ ಎಂತದೂ ಹೇಳ್ಲಿಲ್ಲ." ಹೇಳುತ್ತ ನಾನೇ ಅತ್ತುಬಿಟ್ಟೆ. "ಮುಂದಿನದನ್ನ ನಿಮ್ಮ ಮಗ ಹೇಳ್ಲಿ."

ಮೋಹನ ಹೇಳಿದರು. ಅಪ್ಪನ ಕಾಲ ಹತ್ತಿರ ಕೂತು ಶಾಯಿ ಡಬ್ಬಿಯಿಂದ ಹಿಡಿದು ಮೂರು ದೋಸೆಯವರೆಗೆ ಎಲ್ಲ ಹೇಳಿದರು. ಮಾವ ಬೈಯಲಿಲ್ಲ, ಹೊಡೆಯಲಿಲ್ಲ. "ಅವ್ಳ ಕೈ ಆವಾಗ ಬಿಗಿ ಆಗಿತ್ತಾ?" ಎಂದಷ್ಟೇ ಕೇಳಿದರು. ಇಲ್ಲ ಎಂದರು ಮೋಹನ.

"ಹೆಬ್ಬೆಟ್ಟು ಅವ್ಳೇ ಕೊಟ್ಲು ಹಾಗಾರೆ" ಅಂದರು ಮಾವ. ಎದ್ದು ಹೋಗಿ ಬಸಳೆ ಸಾಲಿಗೆ ನೀರು ಬಿಟ್ಟರು.

ಸೋಮವಾರ ಅವಲಕ್ಕಿ ಸರವನ್ನು ಕುಮಟೆಯ ಪೇಟೆಯಲ್ಲಿ ಮಾರಿದೆ. ಅಡ ಇಡಲಿಲ್ಲ, ಮಾರಿದೆ. ಅಂಗಡಿಯವನು ತೂಕದ ತಟ್ಟೆಗೆ ಹಾಕುವಾಗ ನನ್ನ ಕೊರಳು ಹಗುರಾದ ಹಾಗಾಯಿತು. ತವರಿನ ಸರ, ಸಂಕಟವಾಗಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಆಮೇಲೆ ಅಂಗಡಿಗೆ ಹೋಗಿ ಪತ್ರ ಬರೆದೆ. ಮೋಹನರ ಹೆಸರಿನಲ್ಲಿ. ನನ್ನ ಎಲ್ಲ ಕಟ್ಟುಪಾಡನ್ನೂ ಮೀರಿ ಮೊದಲ ಸಾಲಿನಲ್ಲೇ 'ಕೊಡುತ್ತೇನೆ' ಎಂದು ಬರೆದೆ. 'ನನ್ನ ತಾಯಿ ನವೆಂಬರ್ ಹದಿನಾಲ್ಕರ ಬೆಳಿಗ್ಗೆ ಆರೂಮುಕ್ಕಾಲಿಗೆ ತೀರಿಕೊಂಡರು. ಅವರ ಹೆಸರಿಗೆ ಬಂದ ಹಣವನ್ನು ಪಡೆದು ಖರ್ಚು ಮಾಡಿದವನು ನಾನು. ವಿಮೆ ಕೇಳುವುದಿಲ್ಲ. ಉಳಿದ ಅಸಲನ್ನು ಒಂದೇ ಸಲಕ್ಕೆ ಕಟ್ಟುತ್ತೇನೆ. ಟೆಂಪೋದ ದಿನದ ಗಳಿಕೆ ಈಗ ನಾನೂರು ದಾಟುವುದಿಲ್ಲ, ದಯವಿಟ್ಟು ದಂಡದ ಬಡ್ಡಿ ಬಿಡಿರಿ.' ಓದಿ ಹೇಳಿದೆ. ಮೋಹನ ಹಾಕಿದ ಸಹಿ ಬ್ಯಾಂಕಿನಲ್ಲಿರುವ ಹಾಗೆ ಬರಲಿಲ್ಲ.

ಇಪ್ಪತ್ತೆಂಟಕ್ಕೆ ಆಫೀಸರು ಬಂದ. ವಯಸ್ಸಾದವನು, ಕನ್ನಡಕ. ಜಗುಲಿಯಲ್ಲಿ ಕೂತು ಪತ್ರವನ್ನು ಎರಡು ಸಲ ಓದಿದ. ಮೋಹನ ಅಂಗಿ ಪ್ಯಾಂಟು ಹಾಕಿಕೊಂಡು, ಚೀಲದಲ್ಲಿ ಒಂದು ಜೊತೆ ಬಟ್ಟೆ ಇಟ್ಟುಕೊಂಡು ನಿಂತಿದ್ದರು. ದೀಕ್ಷಾ ಅವರ ಅಂಗಿಯ ತುದಿ ಹಿಡಿದಿದ್ದಳು. ಸಣ್ಣವಳಿದ್ದಾಗ ಹಿಡಿಯುತ್ತಿದ್ದ ಹಾಗೆ.

"ಇದನ್ನ ಬರೆದವ್ರು ಯಾರು?" ಎಂದು ಕೇಳಿದ ಆಫೀಸರು.

"ನಾನು" ಅಂದೆ.

"ಮೊದಲಿನ ಪತ್ರವೂ?"

"ಅದೂ ನಾನೇ."

ಅವನು ಪತ್ರವನ್ನು ಮಡಿಸಿ ಚೀಲಕ್ಕೆ ಹಾಕಿ ಹಣ ಎಣಿಸಿಕೊಂಡ. "ಸಾಲಗಾರರ ಮುಖ ನೋಡದೆ ನಮ್ಮವನು ಕಾಗದ ತಂದಿದ್ದಾನೆ. ಇದು ಹೊರಗೆ ಹೋದ್ರೆ ನಿಮಗಿಂತ ನಮಗೇ ತೊಂದ್ರೆ. ಕಂಪನಿಗೆ ಹಣ ಬೇಕಮ್ಮ, ಕಥೆ ಬೇಡ" ಎಂದು ರಶೀದಿ ಹರಿದುಕೊಟ್ಟ. ದಿನೇಶನನ್ನು ಬೇರೆ ಊರಿಗೆ ಹಾಕಿದರು ಎಂದು ಆಮೇಲೆ ಕೇಳಿದೆ. ರಶೀದಿಯನ್ನು ಅತ್ತೆಯ ಫೋಟೋದ ಮುಂದಿಟ್ಟೆವು. ಹಿತ್ತಲ ಕಲ್ಲಿನ ಮೇಲೆ ಹಾಕಿದ ಒಂದು ಹಿಡಿ ಅನ್ನ ಸಂಜೆಗೆ ಖಾಲಿಯಾಗಿತ್ತು. ಯಾವಾಗ ಬಂದು ತಿಂದಿತೋ ಗೊತ್ತಿಲ್ಲ, ಆ ಕಾಗೆ ಮತ್ತೆ ಬರಲಿಲ್ಲ.

ಒಂದು ವಾರ ಬಿಟ್ಟು ಮಧ್ಯಾಹ್ನ, ನಾವೆಲ್ಲ ಊಟಕ್ಕೆ ಕೂತಿದ್ದಾಗ ಅತ್ತೆಯ ಮೊಬೈಲು ಹೊಡೆದುಕೊಂಡಿತು. ಮಾವ ಎಂಜಲು ಕೈಯನ್ನು ದೂರ ಹಿಡಿದು ಎಡಗೈಯಲ್ಲಿ ಎತ್ತಿದರು. ಹಳೆಯ ಫೋನು, ಆಚೆಯ ದನಿ ನಮಗೂ ಕೇಳುತ್ತದೆ. ಅದೇ ಹುಬ್ಬಳ್ಳಿಯ ಹುಡುಗಿ.

"ಮಾದೇವಿಯವರಾ ಮೇಡಂ? ನಿಮ್ಮ ಸಾಲ ಪೂರ್ತಿ ತೀರಿದೆ, ತುಂಬಾ ಧನ್ಯವಾದಗಳು. ನಿಮಗೀಗ ಎಂಬತ್ತು ಸಾವಿರದ ಹೊಸ ಸಾಲ ಸಿಗತ್ತೆ. ಒಂದು ಹೆಬ್ಬೆಟ್ಟು ಕೊಟ್ರೆ ಸಾಕು."

ಮೋಹನರ ಕೈಯ ತುತ್ತು ತಟ್ಟೆಗೆ ಬಿತ್ತು. ನಾನು ಫೋನ್ ಕಸಿದುಕೊಳ್ಳಲು ಏಳುವವಳಿದ್ದೆ. ಮಾವ ಬೇಡ ಎನ್ನುವಂತೆ ಎಂಜಲು ಕೈ ಎತ್ತಿದರು. ಬಚ್ಚಲ ಬಾಗಿಲನ್ನು ಒಂದು ಸಲ ನೋಡಿದರು. ಅತ್ತೆಯ ಮಂಚವನ್ನು ನೋಡಿದರು.

"ಇಲ್ಲ ತಂಗಿ. ಅವ್ಳು ಹೋದ್ಲು" ಅಂದರು.

"ಎಲ್ಲಿಗೆ ಹೋದ್ರು ಸರ್? ಯಾವಾಗ ಬರ್ತಾರೆ?"

"ಬರೂದಿಲ್ಲ. ಸತ್ತೋದ್ಲು."

ಆಚೆ ಹುಡುಗಿ ತಡವರಿಸಿ, "ಅಯ್ಯೋ... ಯಾವಾಗ ಸರ್?" ಎಂದು ಕೇಳಿದಳು.

"ಇವತ್ತೇ" ಅಂದರು ಮಾವ. "ಬೆಳಿಗ್ಗೆ ಆರೂಮುಕ್ಕಾಲಿಗೆ."

ಫೋನನ್ನು ಕೆಳಗಿಟ್ಟು, ಹೆಗಲ ಮೇಲಿನ ಪಂಚೆಯನ್ನು ಬಾಯಿಗೊತ್ತಿಕೊಂಡು ಮಾವ ಅಳತೊಡಗಿದರು. ನಾವು ಮೂವರೂ ಊಟ ಬಿಟ್ಟು ಎದ್ದೆವು, ಸಾವಿನ ಮನೆಯಲ್ಲಿ ಏಳುವ ಹಾಗೆ.